‘ವೆಲ್ ಡೆವಲಪ್‌ಮೆಂಟ್’ ಎಂಬುದಕ್ಕೆ ‘ಬಾವಿ ಅಭಿವೃದ್ಧಿ’ ಸರಿಯೇ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ವಿಷ ಸೇರಿದ ನೆಲದಲ್ಲಿ ಅಂತರ್ಜಲವನ್ನು ಪರೀಕ್ಷಿಸಲು ಕೊರೆಯುವ ಬಾವಿಗಳ ಬಗ್ಗೆ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಈ ಬಾವಿಗೆ ‘ನಿಗಾ ಬಾವಿ’ ಎಂದು ಹೆಸರಿಟ್ಟುಕೊಂಡಿದ್ದೇನೆ. ‘ವೀಕ್ಷಣಾ ಬಾವಿ’ ಎಂದರೆ ನೀರಿನ ಮಟ್ಟವನ್ನಷ್ಟೇ ನೋಡುವ ಬಾವಿ ಎಂಬ ಭಾವನೆ ಬರುತ್ತದೆ. ನನಗೆ ತೊಡಕಾಗಿರುವುದು ‘ಡೆವಲಪ್‌ಮೆಂಟ್’ ಎಂಬ ಮಾತು. ‘ಬಾವಿ ಅಭಿವೃದ್ಧಿ’ ಎಂದು ಬರೆದರೆ ಓದುವವರಿಗೆ ಕಟ್ಟೆ ಕಟ್ಟಿಸುವುದೋ ಆಳ ಹೆಚ್ಚಿಸುವುದೋ ಕಣ್ಣಿಗೆ ಬರುತ್ತದೆ. ನಡೆಯುವ ಕೆಲಸವೇ ಬೇರೆ: ಹೊಸದಾಗಿ ಕೊರೆದ ಬಾವಿಯ ಸುತ್ತ ಸಿಕ್ಕಿಕೊಂಡ ನುಣ್ಣನೆಯ ಮಣ್ಣನ್ನು ಹೊರತೆಗೆಯುವುದು. ಅದನ್ನು ಸ್ವಲ್ಪ ವಿವರಿಸಿದರೆ ಪದ ಹುಡುಕಲು ಸುಲಭವಾದೀತು.

ರಂಧ್ರ ಕೊರೆದ ಮೇಲೆ ಸಾಮಾನ್ಯವಾಗಿ 50 ಮಿ.ಮೀ. ವ್ಯಾಸದ ಪಿವಿಸಿ ಕೊಳವೆ ಇಳಿಸುತ್ತಾರೆ. ತುಂಡುಗಳನ್ನು ತಿರುಪು ಹಾಕಿ ಜೋಡಿಸಬೇಕು, ಅಂಟು ಹಚ್ಚಕೂಡದು. ಅಂಟಿನ ದ್ರಾವಕವೇ ಮುಂದೆ ನೀರಿನ ಮಾದರಿಯಲ್ಲಿ ಕಾಣಿಸಿಕೊಳ್ಳುತ್ತದೆ. ಕೊಳವೆಯ ಕೆಳಭಾಗದಲ್ಲಿ ನೀರು ಒಳಬರಲು ಕೂದಲೆಳೆಯಂಥ ಸೀಳುಗಳಿರುತ್ತವೆ. ಅದನ್ನು ‘ಸೀಳುಗೊಳವೆ’ ಎನ್ನಬಹುದೇ? ಅದರ ಸುತ್ತ ಜರಡಿ ಹಿಡಿದ ಶುದ್ಧ ಮರಳು, ಮರಳಿನ ಮೇಲೆ ನೀರು ಕುಡಿದು ಉಬ್ಬುವ ಬೆಂಟೊನೈಟ್ ಜೇಡಿ, ಅದರ ಮೇಲೆ ನೆಲಮಟ್ಟದವರೆಗೆ ಸಿಮೆಂಟ್ ಗಾರೆ. ಜೇಡಿ, ಗಾರೆಗಳ ಈ ಬೆಣೆ ಸರಿಯಾಗಿ ಕೂರದಿದ್ದರೆ ಮೇಲಿನ ಪದರದ ಕೊಳೆ ರಂಧ್ರದ ಗುಂಟ ಇಳಿದು ಕೆಳಗಿನ ಒಳ್ಳೆಯ ನೀರಿಗೆ ಸೇರುತ್ತದೆ. ಮಾಲಿನ್ಯ ಹುಡುಕಲು ತೋಡಿದ ಬಾವಿಯೇ ಮಾಲಿನ್ಯಕ್ಕೆ ದಾರಿಯಾಗುವುದಕ್ಕಿಂತ ದೊಡ್ಡ ಅನ್ಯಾಯ ಈ ಕೆಲಸದಲ್ಲಿ ಇನ್ನೊಂದಿಲ್ಲ.

ಗಾರೆ ಗಟ್ಟಿಯಾಗಲು ಕನಿಷ್ಠ ಒಂದು ದಿನ ಬಿಟ್ಟು, ಆಮೇಲೆ ನಾನು ಪದ ಕೇಳುತ್ತಿರುವ ಕೆಲಸ ಶುರುವಾಗುತ್ತದೆ. ಕೊರೆಯುವಾಗ ರಂಧ್ರದ ಗೋಡೆಗೆ ಜೇಡಿ ಮೆತ್ತಿಕೊಂಡಿರುತ್ತದೆ, ಮರಳಿನ ಸಂದಿಗಳಲ್ಲಿ ನುಣ್ಣನೆಯ ಮಣ್ಣು ಸಿಕ್ಕಿಕೊಂಡಿರುತ್ತದೆ. ಬರೀ ಪಂಪಿನಿಂದ ಎಳೆದರೆ ನೀರು ಒಂದೇ ದಿಕ್ಕಿನಲ್ಲಿ ಹರಿಯುತ್ತದೆ. ಕಣಗಳು ಒಂದಕ್ಕೊಂದು ಆತುಕೊಂಡು ಸಂದಿಯಲ್ಲೇ ಸೇತುವೆ ಕಟ್ಟಿ ನಿಲ್ಲುತ್ತವೆ. ಆದ್ದರಿಂದ ಕೊಳವೆಯೊಳಗೆ ಹೆಚ್ಚುಕಡಿಮೆ ಬಿಗಿಯಾಗಿ ಕೂರುವ ಬಿರಡೆಯೊಂದನ್ನು ಮೇಲೆ ಕೆಳಗೆ ಆಡಿಸಿ, ನೀರು ಸೀಳುಗಳಿಂದ ಹೊರಗೂ ಒಳಗೂ ನುಗ್ಗುವಂತೆ ಮಾಡುತ್ತಾರೆ. ಸೇತುವೆ ಮುರಿದು ನುಣ್ಣನೆಯ ಕಣಗಳು ಒಳಬರುತ್ತವೆ. ಅವನ್ನು ನೀರಿನೊಂದಿಗೆ ಹೊರತೆಗೆದು ಮತ್ತೆ ಆಡಿಸುತ್ತಾರೆ. ಆ ನೀರನ್ನು ನೆಲಕ್ಕೆ ಚೆಲ್ಲುವಂತಿಲ್ಲ, ಪರೀಕ್ಷೆಯಾಗುವವರೆಗೆ ಪೀಪಾಯಿಗಳಲ್ಲಿ ಹಿಡಿದಿಡಬೇಕು. ಕದಡು ಇಳಿದು, ಪಿಎಚ್ ಮತ್ತು ವಿದ್ಯುತ್ ವಾಹಕತೆ ಒಂದೇ ಮಟ್ಟದಲ್ಲಿ ನಿಂತಾಗ ಕೆಲಸ ಮುಗಿದಂತೆ. ಕದಡಿಗೆ 10 ಎನ್‌ಟಿಯು (ನೀರಿನ ಕದಡನ್ನು ಅಳೆಯುವ ಮಾನ) ಎಂಬ ಗುರಿ ಹಲವು ಕಡೆ ರೂಢಿಯಲ್ಲಿದೆ, ಆದರೆ ನುಣ್ಣನೆಯ ಮಣ್ಣಿರುವ ಪದರದಲ್ಲಿ ಎಷ್ಟು ಹೊತ್ತು ದುಡಿದರೂ ಅದು ಸಿಗದೇ ಇರಬಹುದು.

ಇಷ್ಟು ಹಟವೇಕೆಂದರೆ, ಸೀಸ, ಕ್ರೋಮಿಯಂನಂಥ ಲೋಹಗಳು ಮಣ್ಣಿನ ಕಣಗಳಿಗೆ ಅಂಟಿಕೊಂಡಿರುತ್ತವೆ. ಲೋಹ ಪರೀಕ್ಷೆಯ ಮಾದರಿ ಕೆಡದಿರಲೆಂದು ಬಾಟಲಿಗೆ ಆಮ್ಲ ಹಾಕುತ್ತಾರೆ. ಮಾದರಿ ಕದಡಿದ್ದರೆ ಆ ಆಮ್ಲ ಕಣಗಳಿಂದ ಲೋಹವನ್ನು ಬಿಡಿಸುತ್ತದೆ. ನೆಲದೊಳಗೆ ಹರಿಯುವ ನೀರು ಹೊತ್ತು ತಾರದ ಸೀಸ ವರದಿಯಲ್ಲಿ ಬಂದುಬಿಡುತ್ತದೆ.

ಈಗ ಪದಗಳಿಗೆ ಬರುತ್ತೇನೆ. ‘ಹೂಳೆತ್ತುವುದು’ ಹಳೆಯ ಬಾವಿಗೂ ಕೆರೆಗೂ ಸಲ್ಲುವ ಮಾತು. ಇದು ಹೊಸ ಬಾವಿ, ತೆಗೆಯಬೇಕಾದದ್ದು ತಳದಲ್ಲಷ್ಟೇ ಇಲ್ಲ, ಕೊಳವೆಯ ಹೊರಗೂ ಇದೆ. ‘ತಿಳಿಗೊಳಿಸುವುದು’ ಕಿವಿಗೆ ಹಿತವಾಗಿದೆ, ಆದರೆ ನೀರನ್ನು ಕಲಕದೆ ಬಿಟ್ಟರೂ ತಿಳಿಯಾಗುತ್ತದೆ, ಇಲ್ಲಿ ಕಲಕುವುದೇ ಮುಖ್ಯ. ನನ್ನ ಒಲವು ‘ಬಾವಿ ಹದಗೊಳಿಸುವುದು’ ಎಂಬುದರ ಕಡೆಗಿದೆ. ಬಿತ್ತನೆಗೆ ಮುನ್ನ ಹೊಲವನ್ನು ಹದ ಮಾಡುವಂತೆ, ಇಲ್ಲಿಯೂ ಕೆಲಸ ನಡೆಯುವುದು ಸುತ್ತಲಿನ ಮಣ್ಣಿನ ಮೇಲೆ.

ಇದರ ಜೊತೆಗೆ ಇನ್ನೊಂದು ಪದವೂ ಬೇಕು. ಪ್ರತಿ ಬಾರಿ ಮಾದರಿ ಹಿಡಿಯುವ ಮುನ್ನ ಕೊಳವೆಯಲ್ಲಿ ನಿಂತ ನೀರನ್ನು ತೆಗೆಯುವ ‘ಪರ್ಜಿಂಗ್’ ಬೇರೆ ಕ್ರಿಯೆ. ಅದನ್ನು ಈಗೀಗ ನಿಮಿಷಕ್ಕೆ 0.1ರಿಂದ 0.5 ಲೀಟರಿನಷ್ಟು ನಿಧಾನವಾಗಿ, ಏನೂ ಕದಡದಂತೆ ಮಾಡುತ್ತಾರೆ. ಎರಡಕ್ಕೂ ‘ಬಾವಿ ತೊಳೆಯುವುದು’ ಎಂದೇ ಬರೆದಿರುವ ಒಂದು ಕರಡನ್ನು ನೋಡಿದ್ದೇನೆ. ಅದನ್ನು ನಂಬಿದ ಕೆಲಸಗಾರ ಮಾದರಿ ಹಿಡಿಯುವ ದಿನವೇ ಬಿರಡೆ ಆಡಿಸಿದರೆ ಇಡೀ ಪರೀಕ್ಷೆ ಹಾಳು. ಪರ್ಜಿಂಗ್‌ಗೆ ‘ನಿಂತ ನೀರು ತೆಗೆಯುವುದು’ ಎಂದು ಬಿಡಿಸಿ ಬರೆದರೆ ಸಾಕೇ, ಅಥವಾ ಒಂದೇ ಪದದ ಪರಿಭಾಷೆ ಬೇಕೇ? ಬಾವಿ ತೋಡುವವರ, ಕೊರೆಯುವವರ ಬಾಯಲ್ಲಿ ಈ ಎರಡು ಕೆಲಸಗಳಿಗೆ ಬೇರೆ ಬೇರೆ ಮಾತು ಕೇಳಿದವರಿದ್ದರೆ ದಯವಿಟ್ಟು ತಿಳಿಸಿ, ಯಾವ ಸಂದರ್ಭದಲ್ಲಿ ಬಳಸುತ್ತಾರೆ ಎಂಬುದನ್ನೂ ಸೇರಿಸಿ.