ಫ್ಯಾರನ್‌ಹೀಟ್ ಸೂತ್ರದ ವಿಲೋಮ: 98.6 ಹಾಕಿದರೆ 37 ಯಾಕೆ ಬರುತ್ತಿಲ್ಲ?

ಪ್ರಶ್ನೆ:
ಫಾ = 1.8 × ಸೆ + 32. ಇದರ ವಿಲೋಮ, ಅಂದರೆ ಫ್ಯಾರನ್‌ಹೀಟ್ ಕೊಟ್ಟರೆ ಸೆಲ್ಸಿಯಸ್ ಕೊಡುವ ಸೂತ್ರ ಬೇಕು. ಗುಣಾಕಾರಕ್ಕೆ ಭಾಗಾಕಾರ, ಕೂಡಿದ್ದಕ್ಕೆ ಕಳೆಯುವುದು ಅಂತ ಸೆ = ಫಾ ÷ 1.8 − 32 ಎಂದು ಬರೆದೆ. 98.6 ಹಾಕಿದರೆ 22.78 ಬರುತ್ತಿದೆ. ಎಕ್ಸ್, ವೈ ಅದಲುಬದಲು ಮಾಡಿ ಅಂತ ಪುಸ್ತಕದಲ್ಲಿದೆ. ಇಲ್ಲೂ ಮಾಡಬೇಕಾ?

ಉತ್ತರ:
ಲೆಕ್ಕದ ಚಿಹ್ನೆಗಳನ್ನು ತಿರುಗಿಸಿದ್ದೀರಿ, ಕ್ರಮವನ್ನು ತಿರುಗಿಸಿಲ್ಲ. ಟಿಫಿನ್ ಕ್ಯಾರಿಯರ್‌ನಲ್ಲಿ ಕೊನೆಗೆ ಇಟ್ಟ ಡಬ್ಬಿಯೇ ಮೊದಲು ಹೊರಗೆ ಬರಬೇಕಲ್ಲವೇ, ಹಾಗೆ. ಮೂಲ ಸೂತ್ರದಲ್ಲಿ 32 ಸೇರಿದ್ದು ಕೊನೆಗೆ, ಆದ್ದರಿಂದ ಅದನ್ನೇ ಮೊದಲು ತೆಗೆಯಿರಿ:

ಫಾ − 32 = 1.8 × ಸೆ
ಸೆ = (ಫಾ − 32) ÷ 1.8

98.6 − 32 = 66.6. ಅದನ್ನು 1.8ರಿಂದ ಭಾಗಿಸಿದರೆ 37.

ಆವರಣ ಬಿಡಿಸಿದರೆ ಸೆ = ಫಾ ÷ 1.8 − 17.78. ಅಂದರೆ 32 ಕೂಡ 1.8ರಿಂದ ಭಾಗವಾಗಬೇಕು, ನಿಮ್ಮದರಲ್ಲಿ ಆಗಿಲ್ಲ. ಹಾಗಾಗಿ ಯಾವ ತಾಪಮಾನ ಹಾಕಿದರೂ ನಿಮ್ಮ ಉತ್ತರ ಒಂದೇ ಸಮ 14.22 ಕಡಿಮೆ ಬರುತ್ತದೆ. 104 ಹಾಕಿ ನೋಡಿ: 40ರ ಬದಲು 25.78. ವ್ಯತ್ಯಾಸ ಎಲ್ಲ ಕಡೆ ಒಂದೇ ಇದ್ದರೆ ಇಳಿಜಾರು (ಗುಣಿಸುವ ಅಥವಾ ಭಾಗಿಸುವ ಸಂಖ್ಯೆಯಿಂದ ಬರುವ ಗೆರೆಯ ಓರೆ) ಸರಿಯಿದೆ, ಸ್ಥಿರಾಂಕ (ಕೂಡುವ ಅಥವಾ ಕಳೆಯುವ ಸಂಖ್ಯೆ) ತಪ್ಪಿದೆ ಎಂದರ್ಥ.

ಇನ್ನೊಂದು ಉತ್ತರ:
ಅದಲುಬದಲಿನ ವಿಷಯಕ್ಕೆ: ಇಲ್ಲಿ ದಯವಿಟ್ಟು ಬೇಡ. ಫಾ, ಸೆ ಎರಡಕ್ಕೂ ನಿಗದಿಯಾದ ಅರ್ಥವಿದೆ. ಜಾಗ ಬದಲಿಸಿ ಸೆ = 1.8 × ಫಾ + 32 ಎಂದು ಬರೆದರೆ ಅದು ಶುದ್ಧ ತಪ್ಪು ಹೇಳಿಕೆ. ಸೆ ಒಂದನ್ನೇ ಒಂದು ಬದಿಗೆ ತಂದರೆ ಕೆಲಸ ಮುಗಿಯಿತು. ಪುಸ್ತಕದವರು ಅಕ್ಷರ ಬದಲಿಸುವುದು, ಒಳಗೆ ಹಾಕುವ ಸಂಖ್ಯೆಗೆ ಯಾವಾಗಲೂ ಎಕ್ಸ್ ಎಂದೇ ಹೆಸರಿರಲಿ, ಮೂಲ ಸೂತ್ರ, ವಿಲೋಮ ಎರಡರ ಗೆರೆಗಳನ್ನೂ ಒಂದೇ ಗ್ರಾಫಿನಲ್ಲಿ ಎಳೆಯಬಹುದು ಎಂಬ ಕಾರಣಕ್ಕೆ. ಹಾಗೆ ಎಳೆದಾಗ ಎರಡೂ ಗೆರೆಗಳು −40ರಲ್ಲಿ ಸಂಧಿಸುತ್ತವೆ. −40 ಡಿಗ್ರಿ ಎರಡು ಮಾಪಕಗಳಲ್ಲೂ ಒಂದೇ.

ಪ್ರಶ್ನೆ ಕೇಳಿದವರು:
ಸರಿಯಾಯಿತು, ಧನ್ಯವಾದ. ವಿಲೋಮಕ್ಕೆ ತಲೆಯ ಮೇಲೆ −1 ಬರೆಯುತ್ತಾರಲ್ಲ, ಅದು 1ನ್ನು ಭಾಗಿಸುವುದೇ?

ಉತ್ತರ:
ಅಲ್ಲ. ಮೂಲ ಸೂತ್ರಕ್ಕೆ 10 ಕೊಟ್ಟರೆ 50, ಅದರ ವ್ಯುತ್ಕ್ರಮ (1ನ್ನು ಅದರಿಂದ ಭಾಗಿಸಿದರೆ ಬರುವುದು) 1/50. ವಿಲೋಮಕ್ಕೆ 10 ಕೊಟ್ಟರೆ −12.22. ಒಂದಕ್ಕೊಂದು ಸಂಬಂಧವೇ ಇಲ್ಲ. ಹಾಗೆ ವ್ಯುತ್ಕ್ರಮವಾಗುವುದು ಇಳಿಜಾರು ಮಾತ್ರ: 1.8 ಇದ್ದದ್ದು 1/1.8, ಅಂದರೆ 5/9 ಆಗುತ್ತದೆ. ಇಳಿಜಾರು ಸೊನ್ನೆಯಾಗಿದ್ದರೆ ವಿಲೋಮವೇ ಇಲ್ಲ, ಏನು ಹಾಕಿದರೂ ಒಂದೇ ಉತ್ತರ ಬರುವಲ್ಲಿ ಹಿಂದಕ್ಕೆ ಹೋಗಲು ದಾರಿಯಿರುವುದಿಲ್ಲ.