ಪುಟ್ಟಿಯ ಸಂಗೀತ ಸಬ್ಜೆಕ್ಟ್ ಬಗ್ಗೆ, ಅಕ್ಕನಿಗೆ

ಅಕ್ಕ, ವಾಯ್ಸ್ ಮೆಸೇಜೇ ಮಾಡಿದ್ದೆ, ಕಳಿಸುವ ಮುಂಚೆ ಹಾಕಿ ಕೇಳಿದರೆ ಬರೀ ಶೀಟಿನ ಮೇಲೆ ಬೀಳುವ ಮಳೆ, ಮಧ್ಯದಲ್ಲಿ ಎಲ್ಲೋ ನಾನು. ಅದನ್ನು ಅಳಿಸಿ, ಮಾತಾಡಿದ ಹಾಗೇ ಟೈಪ್ ಮಾಡುತ್ತಿದ್ದೇನೆ. ಮನೆಯವರ ಗ್ರೂಪಿನಲ್ಲೇ ಹಾಕುತ್ತಿದ್ದೇನೆ, ಉದ್ದ ಆಗುತ್ತದೆ, ದೊಡ್ಡಪ್ಪ ಬೈಯಬೇಡಿ.

ಬೆಳಗ್ಗೆ ನೀನು ಕೇಳಿದ್ದು ಇದು ಅಲ್ವಾ. ಪುಟ್ಟಿಗೆ ಒಂಬತ್ತನೇ ಕ್ಲಾಸು, ಸಿಬಿಎಸ್ಇ, ಫಾರ್ಮಿನಲ್ಲಿ ಹೆಚ್ಚುವರಿ ಸಬ್ಜೆಕ್ಟ್ ಅಂತ ಒಂದು ಜಾಗ ಇದೆ, ಅಲ್ಲಿ ಕರ್ನಾಟಕ ಸಂಗೀತ ಬರೆಸಿ ಅಂತ ಅವಳು ಹಠ ಹಿಡಿದಿದ್ದಾಳೆ. ಭಾವ "ಸುಲಭದ ಮಾರ್ಕ್ಸು, ತಗೊಳ್ಳಲಿ" ಅಂದರು. ದೊಡ್ಡಪ್ಪ "ಬೋರ್ಡ್ ಪರೀಕ್ಷೆ ಹೊತ್ತಿಗೆ ಸರಿಗಮ ಯಾಕೆ, ನಮ್ಮ ಕೊಡಗಲ್ಲಿ ಹುತ್ತರಿ ಹಬ್ಬಕ್ಕೆ ದುಡಿ ವಾದ್ಯ ಹಿಡಿದು ಹಾಡುವವರು ಯಾವ ಪರೀಕ್ಷೆ ಬರೆದಿದ್ದಾರೆ" ಅಂದರು. ನನಗೆ ಇಬ್ಬರ ಮಾತೂ ಪೂರ್ತಿ ಒಪ್ಪಿಗೆಯಾಗಲಿಲ್ಲ. ಆದರೆ ದೊಡ್ಡಪ್ಪ ಗೊತ್ತಿಲ್ಲದೆ ಒಂದು ಸರಿಯಾದ ಮಾತು ಹೇಳಿದ್ದಾರೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಭಾವನಿಗೆ. ಹತ್ತನೇ ಕ್ಲಾಸಿನ ಸಂಗೀತದಲ್ಲಿ ನೂರಕ್ಕೆ ಬರೆಯುವುದು 30 ಮಾತ್ರ. ಹಾಡಿ ತೋರಿಸುವುದಕ್ಕೆ 50, ಉಳಿದ 20 ಶಾಲೆಯ ಇಂಟರ್ನಲ್. ಅಂದರೆ ಹಿಂದಿನ ರಾತ್ರಿ ಕೂತು ಉರು ಹೊಡೆದರೆ ಬರುವುದು ಆ 30ರಲ್ಲಿ ಒಂದಿಷ್ಟು, ಅಷ್ಟೇ. ಸಮಾಜದ ಪಾಠ ಓದಿದ ಹಾಗೆ ಇದನ್ನು ಓದಿ ಮುಗಿಸಲು ಆಗುವುದಿಲ್ಲ.

ಬರೆಯುವ ಭಾಗಕ್ಕೆ ಪುಟ್ಟಿ ಹೆದರಬೇಕಾಗಿಲ್ಲ. ಅವಳಿಗೆ ಲೆಕ್ಕ ಇಷ್ಟ, ಇದರಲ್ಲೂ ಲೆಕ್ಕವೇ ಜಾಸ್ತಿ. 72 ಮೇಳಕರ್ತ ರಾಗ, ಅಂದರೆ ಬೇರೆ ರಾಗಗಳು ಹುಟ್ಟುವ ಮೂಲ ರಾಗ ಇದೆಯಲ್ಲ, ಹೆಸರಿನ ಮೊದಲ ಎರಡು ಅಕ್ಷರದಲ್ಲೇ ಅದರ ನಂಬರ್ ಅಡಗಿರುತ್ತದೆ, ಕಟಪಯಾದಿ ಅಂತ. ಮಾಯಾಮಾಳವಗೌಳ ತಗೊಳ್ಳಿ, ಮಕ್ಕಳಿಗೆ ಮೊದಲು ಹೇಳಿಕೊಡುವ ರಾಗ, ಪುರಂದರದಾಸರು ಹಾಕಿಕೊಟ್ಟ ದಾರಿ. ಪ ಫ ಬ ಭ ಮ ಅಂತ ಎಣಿಸಿದರೆ ಮ ಐದನೆಯದು. ಯ ರ ಲ ವ ಅಂತ ಎಣಿಸಿದರೆ ಯ ಒಂದನೆಯದು. 51 ಬಂತು, ತಿರುಗಿಸಿ, 15. ಹದಿನೈದನೇ ಮೇಳ. ಶಂಕರಾಭರಣಕ್ಕೆ 29 ಬರಬೇಕು, ಬರೀ ಹೆಸರಲ್ಲಿ ಅದು ಬರಲ್ಲ, ಅದಕ್ಕೇ ಮುಂದೆ ಧೀರ ಅಂತ ಸೇರಿಸಿ ಧೀರಶಂಕರಾಭರಣ ಮಾಡಿದ್ದಾರೆ. ಟ ಠ ಡ ಢ ಣ ತ ಥ ದ ಧ ಅಂತ ಎಣಿಸಿದರೆ ಧ ಒಂಬತ್ತು, ರ ಎರಡು, ತಿರುಗಿಸಿದರೆ 29. ಇದನ್ನು ಪುಟ್ಟಿಗೆ ಹೇಳಿ ನೋಡು, ಊಟ ಬಿಟ್ಟು 72ನ್ನೂ ಲೆಕ್ಕ ಹಾಕುತ್ತಾಳೆ.

ಕಷ್ಟ ಇರುವುದು ಕೈಯಲ್ಲಿ.

ನಾನು ಸಂಗೀತದ ಜೂನಿಯರ್ ಪರೀಕ್ಷೆ ಕಟ್ಟಿದ್ದು ನಿನಗೆ ನೆನಪಿದೆ ಅಲ್ವಾ, ಆಗ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿಯವರು ನಡೆಸುತ್ತಿದ್ದದ್ದು. ಅಪ್ಪನ ಜೊತೆ ಕತ್ತಲಲ್ಲೇ ಮೊದಲ ಬಸ್ ಹತ್ತಿ ಮೈಸೂರಿಗೆ ಹೋಗಿದ್ದೆ, ಪಿರಿಯಾಪಟ್ಟಣದ ಹತ್ತಿರ ವಾಂತಿ ಬೇರೆ. ಬರೆದದ್ದು ಚೆನ್ನಾಗಿತ್ತು. ಹಾಡಲು ಕೂತೆ, ಮೊದಲ ಸ್ವರಪಾಠ ಸರಳಿ ವರಸೆ ಒಂದು ಮುಗಿಯಿತು, ಆಮೇಲೆ ಪರೀಕ್ಷೆ ಮಾಡುವ ಮೇಡಂ ಅಲಂಕಾರ (ತಾಳಕ್ಕೆ ಕಟ್ಟಿದ ಸ್ವರಪಾಠ) ಮೂರು ಕಾಲದಲ್ಲೂ, ಅಂದರೆ ಮೂರು ವೇಗದಲ್ಲೂ, ತಾಳ ಹಾಕಿ ಹಾಡಮ್ಮ ಅಂದರು. ಮನೆಯಲ್ಲಿ ನಾನು ಕ್ಯಾಸೆಟ್ ಹಾಕಿಕೊಂಡು ಜೊತೆಗೆ ಹಾಡಿಯೇ ಕಲಿತದ್ದು, ತೊಡೆ ಮೇಲೆ ಸುಮ್ನೆ ಕೈ ಆಡಿಸುತ್ತಿದ್ದೆ ಅಷ್ಟೇ, ಅದನ್ನೇ ತಾಳ ಅಂದುಕೊಂಡಿದ್ದೆ. ಒಂದನೇ ಕಾಲ ಹೇಗೋ ಆಯಿತು. ಎರಡನೇ ಕಾಲದಲ್ಲಿ ಸ್ವರ ಎರಡರಷ್ಟು ಬೇಗ ಹೋಗಬೇಕು, ಕೈ ಮಾತ್ರ ಮೊದಲಿನ ನಡೆಯಲ್ಲೇ ಇರಬೇಕು. ನನ್ನ ಕೈ ಬಾಯಿಯ ಹಿಂದೆ ಓಡಿತು. ಮೇಡಂ ಏನೂ ಅನ್ನಲಿಲ್ಲ, ತಮ್ಮ ಮೇಜಿನ ಮೇಲೆ ಬೆರಳಲ್ಲಿ ಸರಿಯಾದ ತಾಳ ತಟ್ಟುತ್ತಾ ಕೂತರು. ಟಕ್ ಟಕ್. ನಾನು ಒಂದು ಕಡೆ, ಆ ಬೆರಳು ಇನ್ನೊಂದು ಕಡೆ. ಈಗಲೂ ಆ ಶಬ್ದ ಕಿವಿಯಲ್ಲಿದೆ. ಪಾಸಾದೆ, ಆದರೆ ಸೀನಿಯರ್‌ಗೆ ಹೋಗುವ ಧೈರ್ಯ ಬರಲಿಲ್ಲ.

ದೊಡ್ಡಪ್ಪ ಹೇಳಿದ್ದು ಸರಿ ಅಂದದ್ದು ಇದಕ್ಕೇ. ದುಡಿ ಹಿಡಿದು ಹಾಡುವವರನ್ನು ನೋಡಿ, ರಾತ್ರಿ ಎಷ್ಟೇ ಹೊತ್ತಾಗಲಿ, ಹಾಡು ಎಷ್ಟೇ ಉದ್ದ ಎಳೆಯಲಿ, ದುಡಿಯ ಮೇಲಿನ ಕೈ ತಪ್ಪಲ್ಲ. ಬಾಯಿ ಬಾಯಿಯ ಕೆಲಸ ಮಾಡುತ್ತದೆ, ಕೈ ಕೈಯ ಕೆಲಸ. ಅವರು ಪರೀಕ್ಷೆ ಬರೆದಿಲ್ಲ ನಿಜ, ಆದರೆ ಚಿಕ್ಕಂದಿನಿಂದ ಅಪ್ಪನ, ಮಾವನ ಪಕ್ಕ ಕೂತು ಬಂದಿದ್ದಾರೆ. ನನಗೆ ಹಾಗೆ ಪಕ್ಕದಲ್ಲಿ ಯಾರೂ ಇರಲಿಲ್ಲ, ಕ್ಯಾಸೆಟ್ ಇತ್ತು. ಕ್ಯಾಸೆಟ್ ನಾವು ತಪ್ಪಿದರೂ ನಿಲ್ಲಿಸುವುದಿಲ್ಲ ನೋಡು. ಈಗಿನ ಯೂಟ್ಯೂಬ್ ಕಥೆಯೂ ಅಷ್ಟೇ.

ಅದಕ್ಕೇ ಅಕ್ಕ, ಫಾರ್ಮ್ ತುಂಬುವ ಮುಂಚೆ ಶಾಲೆಗೆ ಹೋಗಿ ಒಂದೇ ಪ್ರಶ್ನೆ ಕೇಳು. ಸಂಗೀತದ ಟೀಚರ್ ಇದ್ದಾರಾ, ವಾರಕ್ಕೆ ಎಷ್ಟು ಪೀರಿಯಡ್, ಪುಟ್ಟಿಯ ಎದುರು ಕೂತು ತಾಳ ಹಾಕಿಸುತ್ತಾರಾ? ಒಂದು ಅನ್ನುತ್ತಾ ಮೂರು ಕೇಳಿದೆ, ಇರಲಿ. "ವಾರ್ಷಿಕೋತ್ಸವಕ್ಕೆ ಹಾಡು ಹೇಳಿಕೊಡುತ್ತಾರೆ" ಅಂದರೆ ಸಾಲದು, ಅದು ಬೇರೆ ಕೆಲಸ. ನನ್ನ ಗೆಳತಿಯ ಮಗನಿಗೆ ಒಂದು ಶಾಲೆಯಲ್ಲಿ ಸಂಗೀತ ಬರೆಸಿಕೊಂಡರು, ಟೀಚರ್ ದಸರಾ ರಜೆ ಆದಮೇಲೆ ಬರಲೇ ಇಲ್ಲ, ಬದಲಿಗೆ ಯಾರನ್ನೂ ಹಾಕಲಿಲ್ಲ, ಆ ಹುಡುಗ ಶನಿವಾರ ಶನಿವಾರ ಹಾಸನಕ್ಕೆ ಹೋಗಿ ಕಲಿಯಬೇಕಾಯಿತು. ಒಂಬತ್ತರಲ್ಲಿ ಯಾವುದು ತಗೊಂಡರೋ ಹತ್ತರಲ್ಲೂ ಅದೇ, ಮಧ್ಯದಲ್ಲಿ ಬೇಡ ಅನ್ನುವುದು ಕಷ್ಟ. ಈಗಲೇ ಕೇಳಿಕೊಳ್ಳುವುದು ಒಳ್ಳೆಯದು.

ಪರ್ಸೆಂಟೇಜ್ ಕಡಿಮೆಯಾದರೆ ಅಂತ ಅತ್ತೆ ಕೇಳಿದ್ದರು. ಸಿಬಿಎಸ್ಇಯವರು ಒಟ್ಟು ಪರ್ಸೆಂಟೇಜ್ ಹಾಕಿ ಕೊಡುವುದೇ ಇಲ್ಲ. ಐದಕ್ಕಿಂತ ಜಾಸ್ತಿ ಸಬ್ಜೆಕ್ಟ್ ಇದ್ದರೆ ಯಾವ ಐದನ್ನು ಲೆಕ್ಕಕ್ಕೆ ಹಿಡಿಯಬೇಕು ಅನ್ನುವುದು ಸೇರುವ ಕಾಲೇಜಿಗೆ ಬಿಟ್ಟದ್ದು. ಎರಡು ಭಾಷೆ, ಗಣಿತ, ವಿಜ್ಞಾನ, ಸಮಾಜ ಅವಳಿಗೆ ಹೇಗೂ ಇದ್ದೇ ಇದೆ, ಸಂಗೀತ ಅದರ ಮೇಲೆ ಇನ್ನೊಂದು.

ಶಾಲೆಯಲ್ಲಿ ಟೀಚರ್ ಇಲ್ಲ ಅಂತಾದರೆ ಫಾರ್ಮಿನಲ್ಲಿ ಬರೆಸಬೇಡ, ಆದರೆ ಸಂಗೀತ ಬಿಡಿಸಬೇಡ. ಜೂನಿಯರ್, ಸೀನಿಯರ್ ಪರೀಕ್ಷೆ ಈಗಲೂ ಇದೆ, ಈಗ ಮೈಸೂರಿನ ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯದವರು ನಡೆಸುತ್ತಾರೆ, ಅದಕ್ಕೂ ಶಾಲೆಯ ಮಾರ್ಕ್ಸ್ ಕಾರ್ಡಿಗೂ ಸಂಬಂಧ ಇಲ್ಲ. ಮುಂದೆ ಪಿಯುಸಿಯಲ್ಲೂ ಸಂಗೀತ ಒಂದು ವಿಷಯವಾಗಿ ಇದೆ, ಆದರೆ ನಮ್ಮ ಕಡೆ ಯಾವ ಕಾಲೇಜಿನಲ್ಲಿ ಕೊಡುತ್ತಾರೆ ಅಂತ ಮೊದಲೇ ವಿಚಾರಿಸಬೇಕು.

ಟೀಚರ್ ಇದ್ದಾರೆ ಅಂತಾದರೆ ದಿನಾ ಬೆಳಗ್ಗೆ ಅರ್ಧ ಗಂಟೆ. ಹಾಡು ಬೇಡ, ಮೊದಲು ಆದಿತಾಳ. ಒಂದು ಪೆಟ್ಟು, ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ಆಮೇಲೆ ಪೆಟ್ಟು, ಹುಸಿ (ಅಂಗೈ ಮೇಲೆ ಮಾಡುವುದು), ಪೆಟ್ಟು, ಹುಸಿ. ಎಂಟು. ನೀನು ಕಾಫಿ ಸೋಸುತ್ತಾ ಎದುರಿಗೆ ನಿಂತು ಅವಳ ಕೈ ನೋಡು, ನಿನಗೆ ರಾಗ ಗೊತ್ತಾಗಬೇಕಂತಿಲ್ಲ, ಕೈ ಓಡಿದರೆ "ಓಡ್ತಿದೆ" ಅನ್ನು ಸಾಕು. ಮಳೆಗಾಲದಲ್ಲಿ ಹಂಚಿನ ಕೋಣೆಯಲ್ಲೇ ಕೂರಿಸು, ಶೀಟಿನ ಕೆಳಗೆ ಶ್ರುತಿ ಕೇಳಿಸಲ್ಲ. ಡಿಸೆಂಬರಿನಲ್ಲಿ ಕಣದಲ್ಲಿ ಕೂತು ಹಾಡಲಿ, ಕಾಫಿ ಹರವುವವರಿಗೂ ಹೊತ್ತು ಹೋಗುತ್ತದೆ. ಬೋರ್ಡ್ ಪರೀಕ್ಷೆ ಬರುವುದು ಸರಿಯಾಗಿ ನೀವೆಲ್ಲ ಕಾಫಿ ಹೂ ಬಿಡಿಸುವ ಹೂಮಳೆಗೆ ಆಕಾಶ ನೋಡುತ್ತಾ ಕೂರುವ ಹೊತ್ತಿಗೆ, ಆಗ ಯಾರೂ ಅವಳ ಕೈ ನೋಡುವುದಿಲ್ಲ ಅಂತ ನನಗೆ ಗೊತ್ತು. ಅಷ್ಟರೊಳಗೆ ತಾಳ ಕೂತಿರಬೇಕು.

ನನ್ನ ಹಳೇ ಶ್ರುತಿಪೆಟ್ಟಿಗೆ ಅಟ್ಟದ ಮೇಲಿದೆ. ಭಾವ ಭಾನುವಾರ ಕುಶಾಲನಗರಕ್ಕೆ ಗೊಬ್ಬರಕ್ಕೆ ಬರುತ್ತಾರಲ್ಲ, ಹಾಗೇ ಮನೆಗೆ ಬಂದು ತಗೊಂಡು ಹೋಗಲಿ. ಪುಟ್ಟಿಯನ್ನೂ ಕರೆದುಕೊಂಡು ಬರಲಿ, ಅವಳ ಗಂಟಲಿಗೆ ಹೊಂದುವ ಶ್ರುತಿ ಐದು ಮನೆಯೋ ಐದೂವರೆಯೋ ನೋಡಬೇಕು.