ಅಮೆರಿಕದ ಕಾಂಗ್ರೆಸ್‌ನ ಕೆಲಸವನ್ನು ಕಾಯ್ದೆಗಳ ಎಣಿಕೆಯಿಂದ ಅಳೆಯಬಹುದೇ?

ಪ್ರಶ್ನೆ: ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಈಚೆಗೆ ಕಡಿಮೆ ಕಾಯ್ದೆಗಳನ್ನು ಮಾಡುತ್ತಿರುವುದರ ಬಗ್ಗೆ ಪ್ರಬಂಧ ಬರೆಯುತ್ತಿದ್ದೇನೆ. ಅಂಗೀಕಾರವಾದ ಮಸೂದೆಗಳನ್ನು ಎಣಿಸಿದರೆ ಸಾಕೇ? ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಉತ್ತರ: ನಾನೂ ಎಣಿಕೆಯಿಂದಲೇ ಆರಂಭಿಸಿದ್ದೆ. 1948ರಲ್ಲಿ ಅಧ್ಯಕ್ಷ ಟ್ರೂಮನ್ ಅವರು ‘ಏನೂ ಮಾಡದ ಕಾಂಗ್ರೆಸ್’ ಎಂದು ಹಳಿದ 80ನೇ ಕಾಂಗ್ರೆಸ್ (ಎರಡು ವರ್ಷದ ಒಂದೊಂದು ಅವಧಿಗೂ ಹೀಗೆ ಸಂಖ್ಯೆ ಇರುತ್ತದೆ) 900ಕ್ಕೂ ಹೆಚ್ಚು ಕಾಯ್ದೆಗಳನ್ನು ಮಾಡಿತ್ತು. 2011ರಲ್ಲಿ ಆರಂಭವಾದ 112ನೇ ಕಾಂಗ್ರೆಸ್ ಮಾಡಿದ್ದು 300ಕ್ಕಿಂತ ಕಡಿಮೆ. ಕುಸಿತ ನಿಜ, ಆದರೆ ಲೆಕ್ಕದಲ್ಲಿ ಅಂಚೆ ಕಚೇರಿಗೆ ಹೆಸರಿಡುವ ಮಸೂದೆಯೂ ಒಂದು, 2020ರ ಡಿಸೆಂಬರ್‌ನಲ್ಲಿ ಅಂಗೀಕಾರವಾದ 5,593 ಪುಟಗಳ ಮಸೂದೆಯೂ ಒಂದೇ. ಮೆಕ್ಸಿಕೊ ಜೊತೆಗಿನ ಆರ್ಥಿಕ ಸಹಭಾಗಿತ್ವಕ್ಕೆಂದು ಮಂಡನೆಯಾಗಿದ್ದ ಆ ಮಸೂದೆಯೊಳಗೆ ಕೊನೆಗೆ ಸರ್ಕಾರದ 12 ವೆಚ್ಚ ಮಸೂದೆಗಳು, ಕೋವಿಡ್ ಪರಿಹಾರ, ಆಸ್ಪತ್ರೆಯ ಅನಿರೀಕ್ಷಿತ ಬಿಲ್‌ಗಳಿಂದ ರೋಗಿಗಳಿಗೆ ರಕ್ಷಣೆ, ಎಲ್ಲವೂ ಸೇರಿಕೊಂಡಿದ್ದವು. ಬಿಡಿ ಮಸೂದೆಗಳಿಗೆ ದಾರಿ ಸಿಗದಿರುವುದರಿಂದಲೇ ಸದಸ್ಯರು ಅವನ್ನು ಇಂಥ ಮೂಟೆಗೆ ತುರುಕುತ್ತಾರೆ.

ಆದ್ದರಿಂದ ನಿಮಗೆ ಆಸಕ್ತಿಯಿರುವ ಹತ್ತು ಮಸೂದೆಗಳನ್ನು ಆರಿಸಿಕೊಂಡು, ಅವು ಎಲ್ಲಿ ನಿಂತವು ಎಂದು ನೋಡಿ. ನಾನು ನೋಡಿದವುಗಳಲ್ಲಿ ಹೆಚ್ಚಿನವುಗಳ ದಾಖಲೆ ‘ಸಮಿತಿಗೆ ಒಪ್ಪಿಸಲಾಗಿದೆ’ ಎಂಬ ಒಂದೇ ಸಾಲಿಗೆ ಮುಗಿದಿತ್ತು. ಎರಡು ವರ್ಷದ ಅವಧಿ ಮುಗಿಯುವಾಗ ಅವು ತಾವಾಗಿಯೇ ರದ್ದಾದವು. ಸಮಿತಿಯನ್ನೂ ಕೆಳಮನೆಯನ್ನೂ ದಾಟಿದವುಗಳಿಗೆ ಸೆನೆಟ್ ಎದುರಾಗುತ್ತದೆ. ಅಲ್ಲಿ ಚರ್ಚೆಗೆ ತೆರೆ ಎಳೆದು ಮಸೂದೆಯನ್ನು ಮತಕ್ಕೆ ಹಾಕಬೇಕಾದರೆ 100 ಸದಸ್ಯರಲ್ಲಿ ಸಾಮಾನ್ಯವಾಗಿ 60 ಮಂದಿ ಒಪ್ಪಬೇಕು. 1975ರಲ್ಲಿ ಮೂರನೇ ಎರಡರಷ್ಟಿದ್ದ ಮಿತಿಯನ್ನು ಇಳಿಸಿದ ಮೇಲೂ, ಎರಡು ಪಕ್ಷಗಳ ಬಲ ಹೆಚ್ಚುಕಡಿಮೆ ಸಮನಾಗಿರುವಾಗ, ಎದುರು ಪಕ್ಷದ ನೆರವಿಲ್ಲದೆ ಅಷ್ಟು ಮತ ಕೂಡುವುದು ಬಹಳ ಕಷ್ಟ. ಸೋಮಾರಿತನಕ್ಕಿಂತ ಈ ನಿಯಮವೇ ದೊಡ್ಡ ಕಾರಣ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನೊಂದು ಉತ್ತರ: ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ತಡೆದದ್ದೆಲ್ಲ ವೈಫಲ್ಯವೆಂದು ಬರೆಯಬೇಡಿ. ಒಂದು ಮಸೂದೆಯನ್ನು ನಿಲ್ಲಿಸುತ್ತೇನೆಂದು ಮತ ಕೇಳಿ ಗೆದ್ದವರು ಅದನ್ನು ನಿಲ್ಲಿಸಿದರೆ, ಅದೂ ಮತದಾರರು ಒಪ್ಪಿಸಿದ ಕೆಲಸವೇ. ಹೋಲಿಕೆ ಮಾಡುವಾಗ ಮಾತ್ರ ಎಚ್ಚರ ಬೇಕು: ನಾನು ಒಮ್ಮೆ ಅವಧಿಯ ನಡುವೆ ಲೆಕ್ಕ ಹಾಕಿ ತಪ್ಪು ತೀರ್ಮಾನಕ್ಕೆ ಬಂದಿದ್ದೆ, ಏಕೆಂದರೆ ಕೊನೆಯ ಡಿಸೆಂಬರ್‌ನಲ್ಲಿ ಮತ್ತು ಜನವರಿಯ ಮೊದಲ ದಿನಗಳಲ್ಲಿ ಬಹಳಷ್ಟು ಮಸೂದೆಗಳಿಗೆ ಅಧ್ಯಕ್ಷರ ಸಹಿ ಬೀಳುತ್ತದೆ. ಮುಗಿದ ಅವಧಿಯನ್ನು ಮುಗಿದ ಅವಧಿಯೊಂದಿಗೇ ಹೋಲಿಸಿ.